ವಾಲ್ಟರಿಗೊಂದು ಒಡಪು

ಆ ಶುಕ್ರವಾರ ಬೆಳಿಗ್ಗೆ ಕಲ್ಮೇಶನಿಗೆ ಬಂದ ಈಮೇಲ್ ಎರಡೇ ಸಾಲಿನದು. 'ಇಂಟರ್‌ವ್ಯೂ ಇವತ್ತು ಮೂರು ಗಂಟೆಗೆ. ದಯವಿಟ್ಟು ಇವತ್ತಾದರೂ ನನ್ನನ್ನು ಸರ್ ಅನ್ನಬೇಡ, ನನ್ನ ಹೆಸರು ವಾಲ್ಟರ್.' ಬೇರೆ ಯಾರಾದರೂ ಆಗಿದ್ದರೆ ಓದಿ, ನಕ್ಕು, ಹಲ್ಲುಜ್ಜೋಕೆ ಹೋಗ್ತಿದ್ರು. ಕಲ್ಮೇಶ ಮಂಚದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

ಅವನ ಕಷ್ಟ ನಿಮಗೆ ಅರ್ಥವಾಗಬೇಕು ಅಂದ್ರೆ ಅವನ ಅಪ್ಪನ ವಿಷಯ ಹೇಳಬೇಕು. ಬೈಲಹೊಂಗಲದ ಸೋಮಲಿಂಗಪ್ಪ ಮಾಸ್ತರರು ಸ್ವಂತ ಮಗನಿಗೆ ನಾಲ್ಕನೇ ಇಯತ್ತೆಯಿಂದ ಏಳರವರೆಗೆ ಗಣಿತ ಕಲಿಸಿದವರು. ಶಾಲೆಯಲ್ಲಿ ಎಲ್ಲ ಹುಡುಗರ ಹಾಗೆ ಇವನೂ ಅವರನ್ನ 'ಸರ್' ಅನ್ನಬೇಕು. ಸಂಜೆ ಮನೆಗೆ ಬಂದ ಮೇಲೆ ಅದನ್ನ 'ಅಪ್ಪ' ಅಂತ ಬದಲಾಯಿಸೋಕೆ ಹುಡುಗನ ನಾಲಗೆಗೆ ಪುರುಸೊತ್ತೇ ಆಗಲಿಲ್ಲ. 'ಸರ್, ಅವ್ವ ಉಣ್ಣಾಕ ಕರಿಯಾಕತ್ತಾಳ' ಅಂತ ಕರೆದೇ ಬೆಳೆದ. ಈಗ ಅವನಿಗೆ ಇಪ್ಪತ್ತಮೂರು, ಬಂದಿರೋದು ನಾರ್ತ್ ಕೆರೊಲಿನಾಗೆ, ಓದ್ತಿರೋದು ಎಂ.ಎಸ್. ಸ್ಟ್ಯಾಟಿಸ್ಟಿಕ್ಸು. ಅಪ್ಪನಿಗೂ ಸರ್ ಅನ್ನೋ ಹುಡುಗ ಪ್ರೊಫೆಸರಿಗೆ ಏನಂದಾನು, ನೀವೇ ಹೇಳಿ.

ಪ್ರೊಫೆಸರ್ ವಾಲ್ಟರ್ ಉತ್ತರದ ರಾಜ್ಯ ಮಿನೆಸೋಟಾದವರು, ಒಳ್ಳೆಯವರು, ಆದರೆ ಸರ್ ಅಂದ್ರೆ ಮಾತ್ರ ಮೈ ಪರಚಿಕೊಳ್ಳೋರು. 'ನನಗೆ ವಯಸ್ಸಾಯ್ತು ಅನ್ನಿಸುತ್ತೆ' ಅಂತ ಆಗಸ್ಟಿನಿಂದ ಹೇಳ್ತಾನೇ ಇದ್ದರು. ಕಡೆಗೆ ಲ್ಯಾಬಿನ ಬಿಳಿ ಬೋರ್ಡಿನ ಮೂಲೆಯಲ್ಲಿ ಲೆಕ್ಕ ಶುರುವಾಯ್ತು. ಕಲ್ಮೇಶ ಒಂದು ಸಲ ಸರ್ ಅಂದರೆ ಒಂದು ಗೀಟು. ಗೀಟು ಹಾಕೋ ಕೆಲಸ ಕೋಡಿಯದು. ಕೋಡಿ ಸೌತ್ ಕೆರೊಲಿನಾದ ಯಾವುದೋ ಹಳ್ಳಿಯ ಸಾಧು ಹುಡುಗ, ಕಲ್ಮೇಶನ ಪಕ್ಕದ ಮೇಜಿನವನು. ಏಪ್ರಿಲ್ ಹೊತ್ತಿಗೆ ಬೋರ್ಡಿನ ಮೇಲೆ ನಲವತ್ತೊಂದು ಗೀಟಾಗಿತ್ತು.

ಇವತ್ತಿನ ಇಂಟರ್‌ವ್ಯೂ ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ. ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳೋದು. ಸಿಕ್ಕರೆ ಫೀಸು ಮಾಫು, ಸಿಗದಿದ್ದರೆ ಆಗಸ್ಟಿನಲ್ಲಿ ಊರಿನ ವಿಮಾನ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಅಜ್ಜ ಮಾಸ್ತರ, ಅಪ್ಪ ಮಾಸ್ತರ, ಈಗ ಮಗನೂ ಬೋರ್ಡಿನ ಮುಂದೆ ನಿಲ್ಲುತ್ತಾನೆ, ಅದೂ ಅಮೆರಿಕದಲ್ಲಿ. ಮೇ ಮೂವತ್ತೊಂದಕ್ಕೆ ಸೋಮಲಿಂಗಪ್ಪನವರ ನಿವೃತ್ತಿ. ಬೀಳ್ಕೊಡುಗೆ ಭಾಷಣದ ಕೊನೆಗೆ ಈ ಒಂದು ಸುದ್ದಿ ಹೇಳಬೇಕು ಅಂತ ಅವರು ಈಗಲೇ ಜಾಗ ಬಿಟ್ಟು ಬರೆದಿಟ್ಟುಕೊಂಡಿದ್ದರು.

ಕಲ್ಮೇಶ ಇದ್ದದ್ದು ಏಪೆಕ್ಸ್ ಅನ್ನೋ ಸಣ್ಣ ಊರಿನ ಜಯಕರ ಅಂಕಲ್ ಮನೆಯ ಮಹಡಿ ರೂಮಿನಲ್ಲಿ. ಜಯಕರ, ಚಂದ್ರಾವತಿ ಇಬ್ಬರೂ ಉಡುಪಿ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲೇ. ಹುಡುಗ ಕೆಳಗಿಳಿದು ಬಂದಾಗ ಚಂದ್ರಾವತಿ ನೀರ್ದೋಸೆ ಹುಯ್ಯುತ್ತಾ ಮಗಳನ್ನ ಸ್ಕೂಲಿಗೆ ಹೊರಡಿಸ್ತಿದ್ದರು.

"ಸುರಕ್ಷಾ, ಲಂಚ್ ಬಾಕ್ಸ್ ತಕ್ಕೊಂಡ್ಯಾ?"

"ಯೆಸ್ ಮ್ಯಾಮ್," ಅಂದಳು ಹನ್ನೊಂದು ವರ್ಷದ ಸುರಕ್ಷಾ.

"ನೋಡು, ಈಗೀಗ ಹೀಗೇ ಗೇಲಿ ಮಾಡುದು. ಅಮ್ಮ ಅನ್ಲಿಕ್ಕೆ ಇವಳಿಗೆ ಎಂತ ದಾಡಿ?" ಅಂತ ಚಂದ್ರಾವತಿ ಗೊಣಗಿದರು. ಸುರಕ್ಷಾ ಏನೋ ಹೇಳೋಕೆ ಬಾಯಿ ತೆಗೆದಳು, ಅಷ್ಟರಲ್ಲಿ ಸ್ಕೂಲ್ ಬಸ್ಸು ಬಂತು.

ಆಮೇಲೆ ಎಲ್ಲರ ಗಮನ ಕಲ್ಮೇಶನ ಸಪ್ಪೆ ಮುಖದ ಮೇಲೆ ಬಿತ್ತು. ಅವನು ಈಮೇಲ್ ಓದಿ ಹೇಳಿದ. ಮೊಸರಿಗೆ ಹೆಪ್ಪು ಕೇಳೋಕೆ ಬಂದಿದ್ದ ಎದುರು ಮನೆಯ ಊರ್ಮಿಳಾ ಆಂಟಿ ಬಟ್ಟಲು ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. ಊರ್ಮಿಳಾ ಬೆಂಗಳೂರಿನವರು, ಯಾವುದೋ ಕಂಪನಿಯಲ್ಲಿ ಎಚ್.ಆರ್. ಜನರನ್ನ ಕೆಲಸಕ್ಕೆ ತಗೊಳ್ಳೋದು, ತೆಗೆಯೋದು ಎರಡೂ ಅವರ ಕೈಯಲ್ಲಿ ಅಂತ ಅವರೇ ಹೇಳ್ತಿದ್ದರು.

"ನೋಡೋ ಕಲ್ಮೇಶ್, ಇಂಟರ್‌ವ್ಯೂ ಅಂದ್ರೆ ಫಸ್ಟ್ ಥರ್ಟಿ ಸೆಕೆಂಡ್ಸ್ ಅಷ್ಟೇ ಕಣೋ. ಸರ್ ಅಂದ್ಯೋ, ಕಾನ್ಫಿಡೆನ್ಸ್ ಇಲ್ಲ ಅಂತ ರಿಜೆಕ್ಟ್ ಮಾಡ್ತಾರೆ. ಇಲ್ಲಿ ಎಲ್ರೂ ಈಕ್ವಲ್. ರೂಮಲ್ಲಿ ಯಾರಿದ್ರೂ ಫಸ್ಟ್ ನೇಮ್. ಪ್ರತಿ ಸೆಂಟೆನ್ಸ್‌ನಲ್ಲೂ ಒಂದ್ಸಲ ಅವರ ಹೆಸರು ಬರ್ಬೇಕು. ಐ ಕಾಂಟ್ಯಾಕ್ಟ್ ಮಾಡಿ ಹೇಳು, ವಾಲ್ಟರ್."

"ವಾ..." ಅಂದ ಕಲ್ಮೇಶ. ಅಲ್ಲೇ ನಿಂತ. "ಆಗೂದಿಲ್ರಿ ಆಂಟಿ. ನಾಲಿಗಿ ಹೊಳ್ಳೂದಿಲ್ರಿ. ಅರವತ್ತ ವರ್ಷದ ಮನಶ್ಯಾರಿಗೆ ಹೆಸರ ಹಿಡದ ಹೆಂಗ ಕರಿಯೂದ್ರಿ?"

"ಅದೆಂತ ದೊಡ್ಡ ವಿಷಯ ಮಾರಾಯ," ಅಂದರು ಜಯಕರ. ಅವರಿಗೆ ಶುಕ್ರವಾರ ಮನೆಯಿಂದಲೇ ಕೆಲಸ, ಅಂದರೆ ಕೆಲಸ ಕಮ್ಮಿ. "ನನ್ನ ಮೇಲೆ ಅಭ್ಯಾಸ ಮಾಡು. ಜಯಕರ ಅಂತ ಕರಿ ನೋಡುವ."

"ಜಯ... ಜಯ... ಅಂಕಲ್."

"ಅವನನ್ನ ಬೈದು ಪ್ರಯೋಜನ ಇಲ್ಲ," ಅಂದರು ಚಂದ್ರಾವತಿ. "ನಾನೇ ಇವರನ್ನ ಹದಿನೆಂಟು ವರ್ಷದಿಂದ 'ಓ ಇಲ್ಲಿ ಕೇಳಿ' ಅಂತ ಕರೆಯುದು. ಕಲ್ಮೇಶ, ನಿನ್ನ ಅಮ್ಮ ಅಪ್ಪನ ಹೆಸರು ಹೇಳುದೇ ಇಲ್ವಾ?"

"ಒಡಪಿನ್ಯಾಗ ಮಾತ್ರ ಹೇಳತಾಳ್ರಿ."

ಅವರ ಕಡೆ ಮದುವೆ ಮುಂಜಿಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳಲೇಬೇಕು, ಆದರೆ ನೇರ ಹೇಳೋ ಹಾಗಿಲ್ಲ. ಎರಡು ಸಾಲಿನ ಪದ ಕಟ್ಟಿ ಕೊನೆಗೆ ಹೆಸರು ತೂರಿಸಬೇಕು, ಅದು ಒಡಪು. ಕಲ್ಮೇಶನ ಅವ್ವ ಶಿವಕ್ಕನದು ಊರಿಗೇ ಗೊತ್ತು. 'ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟರ ಒಪ್ಪ, ಶಾಲಿಗೆ ದೊಡ್ಡವರು ನಮ್ಮ ಸೋಮಲಿಂಗಪ್ಪ.' ಹೇಳಿ ಮುಗಿಸಿ ಇವತ್ತಿಗೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಊರ್ಮಿಳಾ ಮೇಜು ಕುಟ್ಟಿದರು. "ಹಾಗಾದ್ರೆ ಪ್ರೊಫೆಸರ್‌ಗೂ ಒಂದು ಕಟ್ಟೋ. ಮನಸ್ಸಲ್ಲಿ ಒಡಪು ಹೇಳ್ಕೊ, ಹೆಸರು ಮಾತ್ರ ಜೋರಾಗಿ ಬರ್ಲಿ."

ಕಲ್ಮೇಶ ಕಣ್ಣು ಮುಚ್ಚಿದ. ಶಿವಕ್ಕನ ಮಗ ತಾನೇ, ಎರಡು ದೋಸೆ ಮುಗಿಯೋ ಅಷ್ಟರಲ್ಲಿ ಹುಟ್ಟಿತು. "ಕುಂದಾ ತಿಂದ ಬಾಯಿಗೆ ಬೇಕ ತಂಪನ ವಾಟರ, ಡಿಪಾರ್ಟಮೆಂಟಿಗೆ ದೊಡ್ಡವರು ನಮ್ಮ ವಾಲ್ಟರ." ಹೇಳಿದ ಮೇಲೆ ಅವನೂ ಬಾಯಿ ಮುಚ್ಚಿಕೊಂಡ. ಆದರೆ ಹೆಸರು ಆಚೆ ಬಂದಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ.

ಉತ್ಸಾಹ ಏರಿ ಜಯಕರ ತಮಗೂ ಒಂದು ಬೇಕು ಅಂದರು. "ಹಾಲಿಗೆ ಹಾಕ್ಯಾರ ನಾಕ ಚಮಚಿ ಸಕ್ಕರ, ಈ ಮನಿಗೆ ಯಜಮಾನ ನಮ್ಮ ಜಯಕರ," ಅಂದ ಕಲ್ಮೇಶ. ಅದೇ ಓಟದಲ್ಲಿ, ಎಲ್ಲರೂ ಈಕ್ವಲ್ ಅನ್ನೋದು ತಲೆಗೇರಿ, ಕೈ ಚಾಚಿದ. "ಜಯಕರ, ಆ ಚಟ್ನಿ ಇಲ್ಲಿ ತಾ."

ಜಯಕರ ಚಟ್ನಿ ಪಾತ್ರೆ ಹಿಡಿದುಕೊಂಡೇ ಹೆಂಡತಿ ಕಡೆ ತಿರುಗಿದರು. "ತಾ ಅಂದ."

"ಅಭ್ಯಾಸಕ್ಕೆ ಅಂತ ನೀವೇ ಹೇಳಿದ್ದಲ್ವಾ?"

"ಹೆಸರು ಕರಿ ಅಂದೆ. ತಾ ಅನ್ನು ಅಂದೆನಾ? ನನ್ನ ಸ್ವಂತ ಭಾವ ನನ್ನನ್ನ ತಾ ಅನ್ನುದಿಲ್ಲ."

ಕಲ್ಮೇಶ ಹತ್ತು ಸಲ 'ತಪ್ಪಾತ್ರಿ ಅಂಕಲ್' ಅಂದ. ಜಯಕರ 'ಪರವಾಗಿಲ್ಲ' ಅಂದರು, ಆದರೆ ಆ ಪರವಾಗಿಲ್ಲದಲ್ಲಿ ಬಹಳ ಪರವಾ ಇತ್ತು. ಪಕ್ಕದ ಊರು ಕ್ಯಾರಿಯ ಬಸ್ ಸ್ಟಾಪಿನವರೆಗೆ ಕಾರಲ್ಲಿ ಬಿಟ್ಟರು, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಇಳಿಯುವಾಗ ಮಾತ್ರ, "ಬರ್ತೀರಾ ಕಲ್ಮೇಶ್ ಅವರೇ," ಅಂದರು.

ಸ್ಟಾಪಿನಲ್ಲಿ ನಿಂತಾಗ ಅಪ್ಪನ ಫೋನು. ಅಲ್ಲಿ ಸಂಜೆ ಆರೂವರೆ.

"ತಯಾರಿ ಆತೇನು? ನೋಡು, ಗುರುಗಳ ಮುಂದ ತಲಿ ತಗ್ಗಿಸಿ ಮಾತಾಡು. ಹಿರ್‍ಯಾರ ಆಶೀರ್ವಾದ ಇದ್ದರ ಕೆಲಸ ತಾನ ಆಗತೈತಿ. ಹೆಸರೇನು ಅವರದು?"

"ಅದು... ಆಮ್ಯಾಲ ಹೇಳತೇನ್ರಿ ಸರ್," ಅಂದು ಕಲ್ಮೇಶ ಫೋನಿಟ್ಟ. ಗುರುವಿನ ಹೆಸರು ಹಿಡಿದು ಕರೆದರೆ ವಿದ್ಯೆ ಹತ್ತುವುದಿಲ್ಲ ಅಂತ ಇದೇ ಅಪ್ಪ ನಾಲ್ಕನೇ ಇಯತ್ತೆಯಲ್ಲಿ ಹೇಳಿಕೊಟ್ಟಿದ್ದರು. ಅವನಿಗೆ ನಿಜಕ್ಕೂ ಅಳು ಬರೋ ಹಾಗಾಯ್ತು.

ಬಸ್ಸು ಬಂತು. ನರೆಗಡ್ಡದ ಡ್ರೈವರ್ ಪಾಸು ನೋಡಿ, "ಥ್ಯಾಂಕ್ ಯೂ ಸರ್, ಹ್ಯಾವ್ ಎ ಬ್ಲೆಸ್ಡ್ ಡೇ," ಅಂದರು. ಕಲ್ಮೇಶ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಅಪ್ಪನ ವಯಸ್ಸಿನ ಮನುಷ್ಯ ತನ್ನನ್ನೇ ಸರ್ ಅಂದದ್ದು. ಸೀಟಿನಲ್ಲಿ ಕೂತು ಊರ್ಮಿಳಾ ಆಂಟಿಗೆ ಮೆಸೇಜು ಹಾಕಿದ. ಉತ್ತರ ತಕ್ಷಣ ಬಂತು. 'ಅದು ಕಸ್ಟಮರ್ ಸರ್ವಿಸ್ ಕಣೋ. ಕನ್ಫ್ಯೂಸ್ ಆಗ್ಬೇಡ. ಫಸ್ಟ್ ನೇಮ್!!'

ಡಿಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೇ ವಾಲ್ಟರ್ ಎದುರಾದರು. ಒಡಪು ಶುರು ಮಾಡೋಕೂ ಟೈಮ್ ಇರಲಿಲ್ಲ.

"ಹಾಯ್ ಕಲ್ಮೇಶ್."

"ಹಲೋ ಸ್ಸ್ಸ್..." ಅಂತ ಹೊರಟದ್ದನ್ನ ಕಲ್ಮೇಶ ಹಲ್ಲು ಕಚ್ಚಿ ನಿಲ್ಲಿಸಿದ. ಮೂಗಿನಿಂದ ಒಂದು ವಿಚಿತ್ರ ಸದ್ದು ಬಂತು.

"ಬ್ಲೆಸ್ ಯೂ," ಅಂದು ವಾಲ್ಟರ್ ಹೊರಟುಹೋದರು. ಸೀನಿದ ಅಂದುಕೊಂಡರು ಪಾಪ.

ಇದು ಹೀಗೇ ಆದರೆ ಕೆಟ್ಟೆ ಅಂತ ಕಲ್ಮೇಶ ಎರಡೂವರೆಗೆ ಮೂಲೆಯ ಬಾತ್‌ರೂಮು ಸೇರಿದ. ಯಾರೂ ಇಲ್ಲ. ಕನ್ನಡಿಯ ಮುಂದೆ ನಿಂತು, ಐ ಕಾಂಟ್ಯಾಕ್ಟ್ ಇಟ್ಟುಕೊಂಡು ಶುರು ಮಾಡಿದ. ಮೊದಲು ಒಡಪಿನ ಜೊತೆ. ಆಮೇಲೆ ಒಡಪು ಮನಸ್ಸಲ್ಲಿ, ಹೆಸರು ಬಾಯಲ್ಲಿ. "ವಾಲ್ಟರ್." ಬಂತು. "ಹಲೋ ವಾಲ್ಟರ್." ಚೆನ್ನಾಗೇ ಬಂತು. ಧೈರ್ಯ ಹೆಚ್ಚಿ ಸ್ವರ ಏರಿಸಿದ. "ವಾಲ್ಟರ್. ವಾಲ್ಟರ್. ವಾಲ್ಟರ್."

"ಯೆಸ್?" ಅಂತು ಮೂರನೇ ಬಾಗಿಲಿನ ಹಿಂದಿನಿಂದ ಒಂದು ದನಿ. "ಯಾರದು? ಏನಾದರೂ ಅರ್ಜೆಂಟಾ?"

ಕಲ್ಮೇಶ ಕೈ ಕೂಡ ಒರೆಸಿಕೊಳ್ಳದೆ ಓಡಿದ. ಓಡಿ ನಿಂತದ್ದು ಇಂಟರ್‌ವ್ಯೂ ರೂಮಿನ ಬಾಗಿಲಲ್ಲಿ. ಅಲ್ಲಿ ಅಂಟಿಸಿದ ಹಾಳೆಯಲ್ಲಿ ಒಳಗಿರೋರ ಹೆಸರಿತ್ತು, ಒಂದಲ್ಲ ಎರಡು. ವಾಲ್ಟರ್ ಜೊತೆ ಡೊರೊತಿ ಹಾಲ್‌ಬ್ರೂಕ್ ಅಂತ ಇನ್ನೊಬ್ಬರು. ಇನ್ನು ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಒಡಪು ಕಟ್ಟಬೇಕು, ಅದೂ ಮುಖ ನೋಡದೋರ ಮೇಲೆ. ಆದರೆ ಅವತ್ತು ಸರಸ್ವತಿ ಅವನ ಕಡೆಗಿದ್ದಳು. 'ಬೆಳ್ಳಿ ತಾಟಿನ್ಯಾಗ ಬೆಳಗತೈತಿ ಆರತಿ, ಎದುರಿಗೆ ಕುಂತಾರ ನಮ್ಮ ಡೊರೊತಿ.' ಕರೆ ಬಂತು. ತುಟಿ ಅಲುಗಾಡಿಸುತ್ತಾ ಒಳಗೆ ಹೋದ.

"ಹಲೋ ವಾಲ್ಟರ್," ಅಂದ. ಗಂಟೆ ಬಾರಿಸಿದ ಹಾಗೆ ಬಂತು.

ವಾಲ್ಟರ್ ಕುರ್ಚಿಯಲ್ಲೇ ಒಮ್ಮೆ ಎದ್ದು ಕೂತರು. ಮುಖ ಅರಳಿಹೋಯಿತು. ಮೇಜಿನ ಕೆಳಗೆ ಹೆಬ್ಬೆರಳು ಎತ್ತಿ ತೋರಿಸಿದರು. ಆಮೇಲೆ ಪಕ್ಕದಲ್ಲಿದ್ದವರ ಕಡೆ ಕೈ ಮಾಡಿ, "ಇವರು ಮಿಸೆಸ್ ಹಾಲ್‌ಬ್ರೂಕ್. ನಲವತ್ತು ವರ್ಷದಿಂದ ನಮ್ಮ ಆಫೀಸು ನಡೆಸೋರು. ಈ ಕೆಲಸ ಯಾರಿಗೆ ಅನ್ನೋದರಲ್ಲಿ ಕೊನೇ ಮಾತು ಇವರದು," ಅಂದರು.

ಎಪ್ಪತ್ತರ ಹತ್ತಿರದ ಹೆಂಗಸು. ಬಾಚಿ ಕೂರಿಸಿದ ಬಿಳಿ ಕೂದಲು, ಕತ್ತಲ್ಲಿ ಮುತ್ತಿನ ಸರ, ನೆಟ್ಟಗೆ ಬೆನ್ನು. ಊರಲ್ಲಾಗಿದ್ದರೆ ಕಲ್ಮೇಶ ಸೀದಾ ಕಾಲಿಗೆ ಬೀಳ್ತಿದ್ದ. ಬಗ್ಗೋಕೆ ಹೊರಟ ಸೊಂಟವನ್ನ ಕಷ್ಟಪಟ್ಟು ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು, "ಹಲೋ ಡೊರೊತಿ," ಅಂದ.

ಆಕೆಯ ಕೈ ಒಮ್ಮೆ ಮುತ್ತಿನ ಸರದ ಮೇಲೆ ಹೋಯಿತು. "ಕೂತ್ಕೊ ಯಂಗ್ ಮ್ಯಾನ್," ಅಂದರು.

"ಥ್ಯಾಂಕ್ ಯೂ, ಡೊರೊತಿ."

ಇಂಟರ್‌ವ್ಯೂ ಚೆನ್ನಾಗಿ ಆಯ್ತು. ಇದು ಅವನ ಮಾತಲ್ಲ, ನನ್ನ ಮಾತು. ಸರಾಸರಿ ಅಂದ್ರೇನು ಅಂತ ಐದು ನಿಮಿಷ ಪಾಠ ಮಾಡು ಅಂದರು. ಕಲ್ಮೇಶ ಮಾರ್ಕರ್ ಹಿಡಿದು, ಅಪ್ಪ ಹುಣಸೆಬೀಜ ಇಟ್ಟು ಹೇಳಿಕೊಟ್ಟದ್ದನ್ನ ಮೇಜಿನ ಮೇಲಿದ್ದ ಪೆಪ್ಪರ್‌ಮಿಂಟ್ ಇಟ್ಟು ಹೇಳಿದ. ವಾಲ್ಟರ್ ಮಗುವಿನ ಹಾಗೆ ತಲೆ ಆಡಿಸ್ತಾ ಕೇಳಿದರು. ಮಿಸೆಸ್ ಹಾಲ್‌ಬ್ರೂಕ್ ಕೂಡ ಮುಂದಕ್ಕೆ ಬಾಗಿದರು.

"ಇಷ್ಟು ಚೆನ್ನಾಗಿ ಪಾಠ ಹೇಳೋದನ್ನ ಎಲ್ಲಿ ಕಲಿತೆ?"

"ನನ್ನ ತಂದೆಯಿಂದ, ಡೊರೊತಿ. ಅವರು ಹೆಡ್‌ಮಾಸ್ಟರು, ಡೊರೊತಿ."

"ಹೌದಾ. ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ಏನು ಮಾಡ್ತೀಯ?"

"ಮೊದಲು ಗೌರವ ಕಲಿಸ್ತೀನಿ, ಡೊರೊತಿ."

ಊರ್ಮಿಳಾ ಆಂಟಿ ಹೇಳಿದ ಹಾಗೆ ಒಂದು ವಾಕ್ಯ ಬಿಡದೆ ಹೆಸರು ಸೇರಿಸಿದ. ಪ್ರತಿ ಸಲ ಒಳಗೊಳಗೆ ಆರತಿ ಬೆಳಗಿದ. ಕೊನೆಗೆ ಆಕೆ ಎದ್ದು ನಿಂತು, ತಲೆ ಸ್ವಲ್ಪ ವಾಲಿಸಿ, ಸಕ್ಕರೆಯಂಥ ದನಿಯಲ್ಲಿ, "ಬ್ಲೆಸ್ ಯುವರ್ ಹಾರ್ಟ್," ಅಂದರು. ಕಲ್ಮೇಶನ ಕಣ್ಣು ತುಂಬಿ ಬಂತು. ಡ್ರೈವರ್ ಒಂದು, ವಾಲ್ಟರ್ ಒಂದು, ಈಗ ಇದು. ಒಂದೇ ದಿನ ಮೂರು ಹಿರಿಯರ ಆಶೀರ್ವಾದ.

ಆಚೆ ಬೆಂಚಿನ ಮೇಲೆ ಕೋಡಿ ಕಾಯ್ತಾ ಕೂತಿದ್ದ. ಅವನೂ ಇದೇ ಕೆಲಸಕ್ಕೆ ಬಂದೋನು. ಕಲ್ಮೇಶನಿಗೆ ಕನಿಕರ ಬಂತು. ಹತ್ತಿರ ಹೋಗಿ, "ಫಸ್ಟ್ ನೇಮ್ ಕರಿ. ಕಾನ್ಫಿಡೆನ್ಸ್," ಅಂತ ಕಿವಿಯಲ್ಲಿ ಹೇಳಿದ. ಕೋಡಿ ಅವನನ್ನ ವಿಚಿತ್ರವಾಗಿ ನೋಡಿ ಎದ್ದು ಹೋದ. ಬಾಗಿಲು ಮುಚ್ಚುವ ಮೊದಲು ಅವನ ದನಿ ಕೇಳಿಸಿತು. "ಗುಡ್ ಆಫ್ಟರ್‌ನೂನ್, ಮ್ಯಾಮ್."

ಪಾಪ, ಹಳ್ಳಿ ಹುಡುಗ, ಯಾರೂ ಹೇಳಿಕೊಟ್ಟಿಲ್ಲ ಅಂತ ಕಲ್ಮೇಶ ಮರುಗಿದ.

ಸಂಜೆ ಏಪೆಕ್ಸ್‌ನಲ್ಲಿ ಹಬ್ಬ. ಚಂದ್ರಾವತಿ ಶ್ಯಾವಿಗೆ ಪಾಯಸ ಇಟ್ಟಿದ್ದರು. ಊರ್ಮಿಳಾ ಬಟ್ಟಲು ವಾಪಸ್ ಕೊಡೋ ನೆಪದಲ್ಲಿ ಬಂದು ಕೂತು, "ನಾನು ಟ್ರೇನ್ ಮಾಡಿದ ಹುಡುಗ," ಅಂತ ಎರಡು ಸಲ ಹೇಳಿದರು. ಜಯಕರ ಮಾತ್ರ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. ಕಲ್ಮೇಶ ನಡೆದದ್ದೆಲ್ಲ ಹೇಳುತ್ತಾ ಆಶೀರ್ವಾದಕ್ಕೆ ಬಂದಾಗ, ಸೋಫಾದ ಮೇಲೆ ಹೋಂವರ್ಕ್ ಮಾಡ್ತಿದ್ದ ಸುರಕ್ಷಾ ಪೆನ್ಸಿಲ್ ಕೆಳಗಿಟ್ಟಳು.

"ವೇಟ್. ನೀವು ಮಿಸೆಸ್ ಹಾಲ್‌ಬ್ರೂಕ್‌ಗೆ ಡೊರೊತಿ ಹೇಳಿದ್ರಾ? ಶಿ ಈಸ್ ಲೈಕ್, ಸೆವೆಂಟಿ?"

"ಹೌದವಾ. ಯಾಕ?"

"ನಮ್ಮ ಟೀಚರ್‌ಗೆ ಮ್ಯಾಮ್ ಹೇಳದಿದ್ರೆ ರಿಸೆಸ್‌ನಲ್ಲಿ ಆಡೋಕೆ ಬಿಡಲ್ಲ. ಓಲ್ಡ್ ಲೇಡೀಸ್ ಎಲ್ಲರಿಗೂ ಮ್ಯಾಮ್ ಹೇಳಬೇಕು. ನೇಮ್ ನಾರ್ತ್ ಕೆರೊಲಿನಾ, ಬಟ್ ದಿಸ್ ಈಸ್ ದ ಸೌತ್. ನಾನು ಅಮ್ಮನಿಗೆ ಎವೆರಿ ಡೇ ಹೇಳ್ತೀನಿ, ಶಿ ಥಿಂಕ್ಸ್ ಐ ಆಮ್ ಜೋಕಿಂಗ್." ಸ್ವಲ್ಪ ತಡೆದು ಮೆಲ್ಲಗೆ ಸೇರಿಸಿದಳು. "ಆಂಡ್ ಬ್ಲೆಸ್ ಯುವರ್ ಹಾರ್ಟ್ ಈಸ್ ನಾಟ್ ಗುಡ್. ಅದು ಅಯ್ಯೋ ಪಾಪ ಅಂತ."

ಪಾಯಸ ಒಲೆಯ ಮೇಲೆ ಸಣ್ಣಗೆ ಕುದೀತಿತ್ತು. ಅದೇ ಹೊತ್ತಿಗೆ ಕಲ್ಮೇಶನ ಫೋನಿಗೆ ವಾಲ್ಟರ್ ಮೇಲ್ ಬಂತು.

'ಕಲ್ಮೇಶ್, ಹೇಳೋಕೆ ಬೇಜಾರು. ಕೆಲಸ ಕೋಡಿಗೆ ಹೋಯಿತು. ಪಾಠ ನಿನ್ನದೇ ಎಲ್ಲರಿಗಿಂತ ಚೆನ್ನಾಗಿತ್ತು, ನಾನು ಒಂದು ಗಂಟೆ ವಾದ ಮಾಡಿದೆ. ಮಿಸೆಸ್ ಹಾಲ್‌ಬ್ರೂಕ್ ಒಪ್ಪಲಿಲ್ಲ. ಹುಡುಗ ಬುದ್ಧಿವಂತ, ಆದರೆ ಹಿರಿಯರಿಗೆ ಮರ್ಯಾದೆ ಕೊಡೋದನ್ನ ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ ಅಂದರು. ಹನ್ನೆರಡು ವರ್ಷದಿಂದ ಒಟ್ಟಿಗಿದ್ದೇವೆ, ನನ್ನನ್ನೇ ಅವರು ಇವತ್ತಿಗೂ ವಾಲ್ಟರ್ ಅಂದಿಲ್ಲ. ಇದು ನನಗೆ ಹೊಳೆಯಬೇಕಿತ್ತು. ಆಗಸ್ಟಿನಲ್ಲಿ ಇನ್ನೊಂದು ಜಾಗ ಖಾಲಿಯಾದರೂ ಆಗಬಹುದು. ಅಲ್ಲಿಯವರೆಗೆ ಹೊರದೇಶದ ವಿದ್ಯಾರ್ಥಿಗಳಿಗೆ ಅವರು ಶನಿವಾರ ನಡೆಸೋ ಶಿಷ್ಟಾಚಾರದ ತರಗತಿಗೆ ನಿನ್ನ ಹೆಸರು ಬರೆದುಕೊಂಡಿದ್ದಾರೆ. ತಪ್ಪದೆ ಹೋಗು.'

ಊರ್ಮಿಳಾ ಬಟ್ಟಲು ಕೈಗೆತ್ತಿಕೊಂಡರು. "ಸೌತ್ ಅಂತ ನೀನು ಮೊದ್ಲೇ ಹೇಳ್ಬೇಕಿತ್ತು ಕಣೋ," ಅಂದು, ಒಲೆ ಮೇಲೆ ಏನೋ ಇಟ್ಟು ಬಂದಿದೀನಿ ಅಂತ ಹೊರಟುಬಿಟ್ಟರು. ಚಂದ್ರಾವತಿ ಅವನ ಮುಂದೆ ಪಾಯಸದ ಲೋಟ ತಂದಿಟ್ಟು ತಲೆ ಸವರಿದರು. ಜಯಕರ ಆ ಚಟ್ನಿಯ ನಂತರ ಮೊದಲ ಸಲ ಅವನ ಕಡೆ ನೋಡಿದರು.

"ಅವರಿಗೂ ತಾ ಅಂದಿಯಾ?" ಅಂತ ಕೇಳಿದರು, ಸ್ವಲ್ಪ ಸಮಾಧಾನದಿಂದಲೇ.

ಏಳೂವರೆಗೆ ಊರಿಂದ ಫೋನು. ಅಲ್ಲಿ ಬೆಳಗಿನ ಐದು, ಸೋಮಲಿಂಗಪ್ಪನವರು ನಿದ್ದೆ ಮಾಡಿದ್ದರೋ ಇಲ್ಲವೋ. ಕಲ್ಮೇಶ ಮಹಡಿ ಮೆಟ್ಟಿಲ ಮೇಲೆ ಕೂತು ಇದ್ದದ್ದನ್ನ ಇದ್ದ ಹಾಗೇ ಹೇಳಿದ. 'ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ' ಅನ್ನೋ ಮಾತೊಂದನ್ನ ಬಿಟ್ಟುಬಿಡೋಣ ಅಂದುಕೊಂಡಿದ್ದ. ಅಪ್ಪನ ಮುಂದೆ ಸುಳ್ಳು ಹೇಳಿ ರೂಢಿ ಇಲ್ಲ, ಅದೂ ಬಂದುಬಿಟ್ಟಿತು. ಆ ಕಡೆ ಎಲ್ಲೋ ಕೋಳಿ ಕೂಗಿತು.

"ಎಪ್ಪತ್ತ ವರ್ಷದ ಅಕ್ಕೋರಿಗೆ ಹೆಸರ ಹಿಡದ ಕರದಿ?" ಅಂದರು ಅಪ್ಪ.

"ಹೌದ್ರಿ ಸರ್."

"ಎಷ್ಟ ಸರ್ತಿ?"

"ಎಣಿಸಿಲ್ರಿ ಸರ್."

"ಹಂಗಾರ ಅವರು ಅಂದದ್ದ ಖರೇ ಐತಿ. ನಾನಿದ್ದರೂ ನಿನಗ ಕೆಲಸ ಕೊಡತಿದ್ದಿಲ್ಲ." ಕಾಗದ ಮಡಚಿದ ಸದ್ದು ಕೇಳಿಸಿತು. "ಇರಲಿ. ಭಾಷಣದಾಗ ಆ ಜಾಗದಾಗ ಬ್ಯಾರೆ ಏನರ ಬರೀತೇನಿ. ಶನಿವಾರ ತಪ್ಪಿಸಬ್ಯಾಡ. ಭಾಳ ಶಿಸ್ತಿನ ಅಕ್ಕೋರು ಇದ್ದಂಗ ಅದಾರ. ನನ್ನ ನಮಸ್ಕಾರ ಹೇಳು."

ಫೋನಿಟ್ಟ ಮೇಲೆ ಕಲ್ಮೇಶ ಅಲ್ಲೇ ಕೂತಿದ್ದ. ಪಾಯಸ ಆರಿತ್ತು. ವಾಲ್ಟರಿಗೆ ಉತ್ತರ ಬರೆಯಬೇಕಿತ್ತು. ಒಂದು ಗಂಟೆ ತನಗೋಸ್ಕರ ವಾದ ಮಾಡಿದ ಮನುಷ್ಯ. ಕಲ್ಮೇಶನಿಗೆ ಯಾವ ಒಡಪೂ ನೆನಪಾಗಲಿಲ್ಲ, ನೆನಪಿಸಿಕೊಳ್ಳೋ ಶಕ್ತಿಯೂ ಇರಲಿಲ್ಲ. ಮನಸ್ಸಿನಲ್ಲಿ ಇದ್ದದ್ದೇ ಬೆರಳಿಗೆ ಬಂತು. 'ನೀವು ನನ್ನ ಪರವಾಗಿ ಮಾತಾಡಿದ್ದಕ್ಕೆ ಥ್ಯಾಂಕ್ ಯೂ, ಸರ್' ಅಂತ ಬರೆದು ಕಳಿಸಿದ.

ಒಂದೇ ನಿಮಿಷಕ್ಕೆ ಉತ್ತರ ಬಂತು.

'ನಲವತ್ತೆರಡು. — ವಾಲ್ಟರ್.'